ವರ್ಡ್‌ಕ್ಯಾಂಪ್‌ಗೆ ಹೋಗಿ ಬರಿಗೈಯಲ್ಲಿ ಬರದಿರಲು: ಮುಂಬೈ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕಾರ್ಯದರ್ಶಿ, ರಾತ್ರಿ ಕೂತು ಕನ್ನಡ ಬ್ಲಾಗ್ ಬರೆಯುವವರು, ಹೋಟೆಲಿಗೊಂದು ತಾಣ ಮಾಡಿಸಿಕೊಂಡ ಮಾಲೀಕರು, ಇವರೆಲ್ಲ ಉತ್ಸಾಹದಿಂದಲೇ, ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಬಳಸುವವರ ಸಮ್ಮೇಳನವಾದ ವರ್ಡ್‌ಕ್ಯಾಂಪ್‌ಗೆ ಹೋಗುತ್ತಾರೆ. ಸಂಜೆ ಟೀ ಶರ್ಟ್, ಸ್ಟಿಕ್ಕರ್, ಬಟ್ಟೆ ಚೀಲ ಹಿಡಿದು ಬರುತ್ತಾರೆ. ಸೋಮವಾರ ತಾಣ ತೆರೆದರೆ ಹಳೇ ತೊಂದರೆ ಇದ್ದಲ್ಲೇ ಇರುತ್ತದೆ. "ಎಲ್ಲಾ ಇಂಗ್ಲಿಷಲ್ಲಿ ಮಾತಾಡಿದ್ರು, ನಮಗೆ ಏನೂ ಸಿಗಲಿಲ್ಲ" ಅನ್ನುವ ಮಾತು ಪ್ರತಿಸಲ ಕೇಳುತ್ತೇನೆ.

ತೊಂದರೆ ಇಂಗ್ಲಿಷಿನದ್ದಲ್ಲ, ತಯಾರಿಯದ್ದು. ಕ್ಯಾಂಪಿನ ಮುಕ್ಕಾಲು ಕೆಲಸ ಮನೆ ಬಿಡುವ ಮುಂಚೆಯೇ ಆಗಬೇಕು. ಉಳಿದದ್ದರಲ್ಲಿ ಹೆಚ್ಚಿನದು ಸಭಾಂಗಣದ ಹೊರಗೆ ಆಗುತ್ತದೆ. ಮುಂಬೈ, ಠಾಣೆ, ಡೊಂಬಿವಲಿ, ನವಿ ಮುಂಬೈ ಕಡೆಯವರನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪುಣೆ, ಗೋವಾದವರು ಲೋಕಲ್ ರೈಲಿನ ಭಾಗ ಬಿಟ್ಟು ಓದಿಕೊಳ್ಳಬಹುದು.

ಮೊದಲು ಸಾಮಾನು

- ಲ್ಯಾಪ್‌ಟಾಪ್, ಅದರ ಚಾರ್ಜರ್, ಸಾಧ್ಯವಾದರೆ ಮೂರ್ನಾಲ್ಕು ಪಾಯಿಂಟ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್. ಬೋರ್ಡ್ ತಂದವರ ಸುತ್ತ ಜನ ತಾವಾಗಿ ಸೇರುತ್ತಾರೆ, ಪರಿಚಯಕ್ಕೆ ಬೇರೆ ಉಪಾಯ ಬೇಡ.
- ಪವರ್ ಬ್ಯಾಂಕ್, ಹಾಟ್‌ಸ್ಪಾಟ್ ಹಾಕುವಷ್ಟು ಡೇಟಾ ಇರುವ ಫೋನ್.
- ಫೋಟೊ ಇರುವ ಗುರುತಿನ ಚೀಟಿ. ಕಾಲೇಜು ಆವರಣ ಅಥವಾ ದೊಡ್ಡ ಸಭಾಂಗಣದ ಗೇಟಿನಲ್ಲಿ ಕೇಳಬಹುದು.
- ಸಣ್ಣ ನೋಟ್‌ಬುಕ್, ದಪ್ಪ ಮಾರ್ಕರ್ ಪೆನ್. ಮಾರ್ಕರ್ ಯಾಕೆಂದು ಹಂತ 7ರಲ್ಲಿ ಹೇಳುತ್ತೇನೆ.
- ನಿಮ್ಮ ಲ್ಯಾಪ್‌ಟಾಪಿನಲ್ಲಿ ಕನ್ನಡ ಯುನಿಕೋಡ್ ಕೀಲಿಮಣೆ ಕೆಲಸ ಮಾಡುತ್ತಿರಬೇಕು. "ಫೋನಲ್ಲಿ ಬರುತ್ತೆ" ಅಂದರೆ ಸಾಲದು.

ಹಂತ 1: ಕಾರ್ಯಕ್ರಮ ಅಸಲಿಯೋ ಎಂದು ನೋಡಿ

ಹುಡುಕಲು ಎಲ್ಲಿಗೂ ಹೋಗಬೇಕಿಲ್ಲ. ನಿಮ್ಮದೇ ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡ್ ತೆರೆಯಿರಿ. 'ಈವೆಂಟ್ಸ್ ಅಂಡ್ ನ್ಯೂಸ್' ಎಂಬ ಪೆಟ್ಟಿಗೆ ಅಲ್ಲೇ ಕಾಣುತ್ತದೆ. 2017ರಲ್ಲಿ ಬಂದ 4.8ನೇ ಆವೃತ್ತಿಯಿಂದ ಅದು ಹತ್ತಿರದ ಕಾರ್ಯಕ್ರಮಗಳನ್ನು ತೋರಿಸುತ್ತಿದೆ. ಬಹಳ ಜನ ಅದನ್ನು ಜಾಹೀರಾತು ಎಂದುಕೊಂಡು ಮುಚ್ಚಿಟ್ಟಿರುತ್ತಾರೆ. ಊರಿನ ಹೆಸರು ತಪ್ಪಿದ್ದರೆ ಬದಲಿಸಿ ಮುಂಬೈ ಅಥವಾ ಪುಣೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಅಲ್ಲಿ ಎರಡು ಬಗೆಯ ಕಾರ್ಯಕ್ರಮ ಕಾಣಬಹುದು. ಮೀಟಪ್ ಎಂದರೆ ಒಂದೆರಡು ಗಂಟೆಯ ಸ್ಥಳೀಯ ಕೂಟ. ವರ್ಡ್‌ಕ್ಯಾಂಪ್ ಎಂದರೆ ಒಂದು ಅಥವಾ ಹೆಚ್ಚು ದಿನದ ಸಮ್ಮೇಳನ. ಮೊದಲ ಸಲ ಹೋಗುವವರು ಕ್ಯಾಂಪಿಗೆ ಮುಂಚೆ ಒಂದು ಮೀಟಪ್‌ಗೆ ಹೋಗಿ ಬನ್ನಿ. ಎರಡು ಮುಖ ಪರಿಚಯವಾದರೂ ಸಾಕು, ಕ್ಯಾಂಪಿನ ದಿನ ಮೂಲೆಯಲ್ಲಿ ಒಬ್ಬರೇ ಚಹಾ ಕುಡಿಯುತ್ತಾ ನಿಲ್ಲುವುದು ತಪ್ಪುತ್ತದೆ.

ಎಚ್ಚರಿಕೆ: ಅಧಿಕೃತ ಕ್ಯಾಂಪಿನ ಜಾಲತಾಣದ ವಿಳಾಸ 'ವರ್ಡ್‌ಕ್ಯಾಂಪ್ ಡಾಟ್ ಆರ್ಗ್' ಅಥವಾ 'ಈವೆಂಟ್ಸ್ ಡಾಟ್ ವರ್ಡ್‌ಪ್ರೆಸ್ ಡಾಟ್ ಆರ್ಗ್' ಅಡಿಯಲ್ಲಿ ಇರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಕೊಂಡಿ ಬೇರೆಲ್ಲಿಗೋ ಕರೆದೊಯ್ದು ಯುಪಿಐ ನಂಬರಿಗೆ ದುಡ್ಡು ಹಾಕಿ ಎಂದರೆ ಅಲ್ಲೇ ನಿಲ್ಲಿಸಿ. "ಹಾಜರಾದವರಿಗೆಲ್ಲ ಸರ್ಟಿಫಿಕೇಟ್, ಗ್ಯಾರಂಟಿ ಕೆಲಸ" ಅನ್ನುವ ಪೋಸ್ಟರ್ ಕಂಡರೆ ಅದು ಯಾರದೋ ಕೋಚಿಂಗ್ ಕ್ಲಾಸಿನ ವ್ಯಾಪಾರ.

ಹಂತ 2: ಟಿಕೆಟ್

ಪ್ರಾಯೋಜಕರ ಹಣದಿಂದ ದೊಡ್ಡ ಖರ್ಚು ನಡೆಯುವುದರಿಂದ ಟಿಕೆಟ್ ದರ ಕಡಿಮೆಯೇ ಇರುತ್ತದೆ. ಅದೇ ಕಾರಣಕ್ಕೆ ಬೇಗ ಖಾಲಿಯಾಗುತ್ತದೆ. "ಪತ್ರಿಕೆಯಲ್ಲಿ ಬರಲಿ, ಆಮೇಲೆ ನೋಡೋಣ" ಎಂದು ಕಾದರೆ ಆಯಿತು ಕಥೆ.

ಸಂಘದಿಂದ ನಾಲ್ಕೈದು ಜನ ಹೋಗುವಾಗ ಒಬ್ಬರೇ ಎಲ್ಲಾ ಟಿಕೆಟ್ ಕೊಂಡು ಎಲ್ಲದಕ್ಕೂ ತಮ್ಮದೇ ಹೆಸರು, ಇಮೇಲ್ ಹಾಕುವುದು ಸಾಮಾನ್ಯ ತಪ್ಪು. ಬ್ಯಾಡ್ಜ್ ಮುದ್ರಣವಾಗುವುದು ಆ ಹೆಸರಿನಲ್ಲೇ. ಬಾಗಿಲಲ್ಲಿ ನಾಲ್ಕು ಜನ ಒಂದೇ ಹೆಸರಿನ ಬ್ಯಾಡ್ಜಿಗೆ ಕಾಯುವಂತಾಗುತ್ತದೆ. ಪ್ರತಿಯೊಬ್ಬರ ವಿವರ ಬೇರೆ ಬೇರೆ ತುಂಬಿ. ಇಮೇಲಿನಲ್ಲಿ ಬರುವ ಕೊಂಡಿಯಿಂದ ಹೆಸರು ತಿದ್ದಬಹುದು, ಆದರೆ ಬ್ಯಾಡ್ಜ್ ಮುದ್ರಣಕ್ಕೆ ಹೋದ ಮೇಲೆ ತಿದ್ದಿ ಏನು ಪ್ರಯೋಜನ?

ಫಾರ್ಮಿನಲ್ಲಿ ಊಟ, ಅಲರ್ಜಿ, ಗಾಲಿಕುರ್ಚಿಯಂಥ ಅನುಕೂಲ, ಮೊದಲ ಬಾರಿಯೋ ಎಂಬ ಪ್ರಶ್ನೆಗಳಿರುತ್ತವೆ. ಊಟದ್ದನ್ನು ಖಾಲಿ ಬಿಡಬೇಡಿ. ಈರುಳ್ಳಿ–ಬೆಳ್ಳುಳ್ಳಿ ತಿನ್ನದ ಹಿರಿಯರು ಜೊತೆಗಿದ್ದರೆ ಆಗಲೇ ಬರೆದರೆ ಮಾತ್ರ ಆಯೋಜಕರು ಏನಾದರೂ ಮಾಡಬಲ್ಲರು.

ಕೊನೆಯದಾಗಿ, ಎಲ್ಲರೂ ಕೂತು ವರ್ಡ್‌ಪ್ರೆಸ್‌ಗಾಗಿ ಕೆಲಸ ಮಾಡುವ ದಿನವಾದ ಕಂಟ್ರಿಬ್ಯೂಟರ್ ಡೇಗೆ (ಹಂತ 8) ಬಹಳ ಕಡೆ ನೋಂದಣಿ ಬೇರೆಯೇ ಇರುತ್ತದೆ. ಸಮ್ಮೇಳನದ ಟಿಕೆಟ್ ಇದ್ದರೆ ಅದೂ ಸೇರಿತು ಎಂದು ಲೆಕ್ಕ ಹಾಕಬೇಡಿ.

ಹಂತ 3: ಖಾತೆಗಳು – ಅತಿ ಹೆಚ್ಚು ಜನ ಎಡವುವ ಜಾಗ

ವರ್ಡ್‌ಪ್ರೆಸ್ ಹೆಸರಿನಲ್ಲಿ ಎರಡು ತಾಣಗಳಿವೆ. ಡಾಟ್ ಕಾಮ್ ತಾಣಗಳಿಗೆ ಜಾಗ ಕೊಡುವ ಒಂದು ಕಂಪನಿಯ ಹೋಸ್ಟಿಂಗ್ ಸೇವೆ. ಡಾಟ್ ಆರ್ಗ್ ಮುಕ್ತ ತಂತ್ರಾಂಶದ ಮನೆ: ಪ್ಲಗಿನ್ (ಹೆಚ್ಚಿನ ಸೌಲಭ್ಯ ಸೇರಿಸುವ ತುಣುಕು), ಥೀಮ್ (ತಾಣದ ವಿನ್ಯಾಸ), ಅನುವಾದ, ಸಹಾಯ ಎಲ್ಲ ಅಲ್ಲೇ. ಒಂದರ ಖಾತೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಉಚಿತ ಬ್ಲಾಗ್‌ಗೆಂದು ಎಂದೋ ಡಾಟ್ ಕಾಮ್‌ನಲ್ಲಿ ಖಾತೆ ತೆರೆದವರು ಅದೇ ಪಾಸ್‌ವರ್ಡನ್ನು ಡಾಟ್ ಆರ್ಗ್‌ನಲ್ಲಿ ಒತ್ತಿ ಒತ್ತಿ, "ಸೈಟೇ ಸರಿಯಿಲ್ಲ" ಎಂದು ಬಿಟ್ಟುಬಿಡುತ್ತಾರೆ. ನಿಮ್ಮ ಸ್ವಂತ ತಾಣದ ಅಡ್ಮಿನ್ ಪಾಸ್‌ವರ್ಡ್ ಇವೆರಡಕ್ಕಿಂತಲೂ ಬೇರೆ, ಮೂರನೆಯದು.

ಈ ಕ್ರಮದಲ್ಲಿ ಮಾಡಿ:

1. ಡಾಟ್ ಆರ್ಗ್‌ನಲ್ಲಿ ಹೊಸ ಖಾತೆ ತೆರೆಯಿರಿ. ಬಳಕೆಯ ಹೆಸರು ಯೋಚಿಸಿ ಇಡಿ, ನೀವು ಮಾಡುವ ಕೆಲಸವೆಲ್ಲ ಅದರಡಿ ದಾಖಲಾಗುತ್ತದೆ. ಸಂಘದ ಹೆಸರಲ್ಲಿ ಬೇಡ, ನಿಮ್ಮ ಹೆಸರಲ್ಲೇ ಇರಲಿ. ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡ್ ಯಾರ ಹತ್ತಿರ ಅನ್ನುವ ಜಗಳ ತಪ್ಪುತ್ತದೆ.

2. ದೃಢೀಕರಣದ ಇಮೇಲ್ ಬಂತೇ ನೋಡಿ. ಬಂದಿಲ್ಲವಾದರೆ ಸ್ಪ್ಯಾಮ್ ಪೆಟ್ಟಿಗೆ ಹುಡುಕಿ. ಕ್ಯಾಂಪಿನ ಬೆಳಿಗ್ಗೆ ಇದನ್ನು ಮಾಡಲು ಹೊರಟರೆ ಒಂದು ಗಂಟೆ ಹೋಯಿತೆಂದೇ ತಿಳಿಯಿರಿ.

3. ಆಮೇಲೆ 'ಮೇಕ್ ಡಾಟ್ ವರ್ಡ್‌ಪ್ರೆಸ್ ಡಾಟ್ ಆರ್ಗ್' ತಾಣದ ಚಾಟ್ ಪುಟಕ್ಕೆ ಹೋಗಿ, ಈ ಸಮುದಾಯ ಮಾತಾಡಿಕೊಳ್ಳುವ ಜಾಗವಾದ ಸ್ಲ್ಯಾಕ್‌ಗೆ ಸೇರಿ. ಇಲ್ಲಿ ನೇರವಾಗಿ ನಿಮ್ಮ ಜಿಮೇಲ್ ಹಾಕಿದರೆ ಒಳಗೆ ಬಿಡುವುದಿಲ್ಲ. ನಿಮ್ಮ ಡಾಟ್ ಆರ್ಗ್ ಹೆಸರಿನ ಮುಂದೆ 'ಚಾಟ್ ಡಾಟ್ ವರ್ಡ್‌ಪ್ರೆಸ್ ಡಾಟ್ ಆರ್ಗ್' ಸೇರಿದ ಒಂದು ವಿಶೇಷ ವಿಳಾಸ ಸಿಗುತ್ತದೆ, ಅದನ್ನು ಬಳಸಬೇಕು. ಅದಕ್ಕೆ ಬಂದ ಪತ್ರ ನಿಮ್ಮ ನಿಜವಾದ ಇಮೇಲ್‌ಗೇ ತಲುಪುತ್ತದೆ.

4. ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಮ್ಮೆ ಲಾಗಿನ್ ಆಗಿ ನೋಡಿ. ಕೆಲವು ಕ್ಯಾಂಪ್‌ಗಳು ಟಿಕೆಟ್ ಕೊಳ್ಳಲೂ ಡಾಟ್ ಆರ್ಗ್ ಲಾಗಿನ್ ಕೇಳುತ್ತವೆ. ಹಾಗಿದ್ದರೆ ಹಂತ 2ಕ್ಕಿಂತ ಮುಂಚೆ ಇದೇ ಆಗಬೇಕು.

ಹಂತ 4: ಒಂದೇ ಒಂದು ಪ್ರಶ್ನೆ ಕಟ್ಟಿಕೊಂಡು ಹೋಗಿ

ನನ್ನ ಪ್ರಕಾರ ಇಡೀ ಮಾರ್ಗದರ್ಶಿಯಲ್ಲಿ ಇದೊಂದು ಮಾಡಿದರೂ ಹೋದದ್ದು ಸಾರ್ಥಕ. "ನಮ್ಮ ಸೈಟ್ ಸ್ಲೋ ಇದೆ, ಏನ್ ಮಾಡ್ಬೇಕು?" ಎಂಬುದು ಪ್ರಶ್ನೆಯಲ್ಲ, ಗೋಳು. ಕೇಳಿದವರು ಸೌಜನ್ಯಕ್ಕೆ ಒಂದು ಪ್ಲಗಿನ್ ಹೆಸರು ಹೇಳಿ ಮುಂದೆ ಹೋಗುತ್ತಾರೆ. ಪ್ರಶ್ನೆಯಲ್ಲಿ ಮೂರು ಅಂಶ ಇರಬೇಕು: ಯಾವ ಪುಟದಲ್ಲಿ, ಏನು ಮಾಡಿದಾಗ, ಏನಾಗುತ್ತದೆ.

ಕನ್ನಡ ತಾಣಗಳಲ್ಲಿ ಪದೇ ಪದೇ ಬರುವ ಒಂದು ತೊಂದರೆಯನ್ನೇ ತೆಗೆದುಕೊಳ್ಳಿ. ಶೀರ್ಷಿಕೆ ಕನ್ನಡದಲ್ಲಿ ಬರೆದು ಪ್ರಕಟಿಸುತ್ತೀರಿ. ಪುಟದ ವಿಳಾಸ ಅರ್ಧಕ್ಕೇ ತುಂಡಾಗಿರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಉದ್ದ ಸರಮಾಲೆ ಕಾಣುತ್ತದೆ. ಕಾರಣ ಇದು: ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಚಿಹ್ನೆ 3 ಬೈಟ್ ಹಿಡಿಯುತ್ತದೆ. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಗುರುತು ಸೇರಿ 3 ಸ್ಥಾನ ತಿನ್ನುತ್ತದೆ. ಅಲ್ಲಿಗೆ ಒಂದು ಚಿಹ್ನೆಗೆ 9 ಸ್ಥಾನ. ಡೇಟಾಬೇಸಿನಲ್ಲಿ ವಿಳಾಸಕ್ಕೆ ಮೀಸಲಿರುವುದು 200 ಸ್ಥಾನ. ಅಂದರೆ ಸುಮಾರು 22 ಚಿಹ್ನೆ. 'ಸ್ವಾತಂತ್ರ್ಯೋತ್ಸವ' ಕಣ್ಣಿಗೆ ಐದೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒತ್ತು, ಕೊಂಬು, ಸೊನ್ನೆ, ವಿರಾಮ ಎಲ್ಲ ಬಿಡಿಸಿದರೆ 16 ಚಿಹ್ನೆ. ಆ ಒಂದು ಪದಕ್ಕೇ 144 ಸ್ಥಾನ ಹೋಯಿತು. ಮುಂದೆ 'ಕಾರ್ಯಕ್ರಮ' ಎಂದು ಬರೆಯಲು ಹೊರಟರೆ ಅಲ್ಲೇ ಕತ್ತರಿ ಬೀಳುತ್ತದೆ.

ಸುಲಭದ ದಾರಿ, ಪ್ರಕಟಿಸುವ ಮುಂಚೆ ಸ್ಲಗ್ (ಪುಟದ ವಿಳಾಸದ ಕೊನೆಯ ಭಾಗ) ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದ ಪುಟ್ಟ ವಿಳಾಸ ಬರೆಯುವುದು. ಪ್ರಕಟವಾದ ಪೋಸ್ಟಿನ ಸ್ಲಗ್ ಆಮೇಲೆ ಬದಲಿಸಿದರೂ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ಇಷ್ಟು ಗೊತ್ತಿದ್ದರೆ ಕ್ಯಾಂಪಿನಲ್ಲಿ ಇನ್ನೊಂದು ಮೆಟ್ಟಿಲು ಮೇಲಿನ ಪ್ರಶ್ನೆ ಕೇಳಬಹುದು: "ಹಳೆಯ ನೂರಾರು ಪೋಸ್ಟ್‌ಗಳ ಸ್ಲಗ್‌ಗಳನ್ನು ಕೊಂಡಿ ಮುರಿಯದಂತೆ ಒಟ್ಟಿಗೆ ಬದಲಿಸುವುದು ಹೇಗೆ?" ಇದಕ್ಕೆ ಉತ್ತರ ಹೇಳಲು ಡೆವಲಪರುಗಳು ಲ್ಯಾಪ್‌ಟಾಪ್ ತೆರೆದೇ ತೆರೆಯುತ್ತಾರೆ.

ಇಂಥವೇ ಇನ್ನೂ ಕೆಲವು ಒಳ್ಳೆಯ ಪ್ರಶ್ನೆಗಳು. ಥೀಮಿನ ಸಾಲಿನ ಎತ್ತರ ಕಡಿಮೆ ಇದ್ದು 'ರಾಜ್ಯೋತ್ಸವ'ದ ಒತ್ತಕ್ಷರದ ತಳ ಕತ್ತರಿಸಿ ಹೋಗುವುದು. ನುಡಿ ತಂತ್ರಾಂಶದ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪಿಸಿದ ಸಂಘದ ಮುಖವಾಣಿಯ ಬರಹ ವೆಬ್‌ನಲ್ಲಿ ಅಂಟಿಸಿದಾಗ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ ಆಗುವುದು. 2024ರ 6.5ನೇ ಆವೃತ್ತಿಯಲ್ಲಿ ಬಂದ ಫಾಂಟ್ ಲೈಬ್ರರಿಯಿಂದ ಕನ್ನಡ ಫಾಂಟ್ ಹಾಕಿದರೂ ಶೀರ್ಷಿಕೆಗೆ ಅದು ಹತ್ತದಿರುವುದು. ನಿಮ್ಮದು ಯಾವುದೋ ಒಂದನ್ನು ಆರಿಸಿ, ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಟೂಲ್ಸ್, ಅದರಡಿ ಸೈಟ್ ಹೆಲ್ತ್, ಅದರೊಳಗೆ ಇನ್ಫೊ ಪುಟಕ್ಕೆ ಹೋಗಿ. ವರ್ಡ್‌ಪ್ರೆಸ್ ಆವೃತ್ತಿ, ಪಿಎಚ್‌ಪಿ ಆವೃತ್ತಿ, ಥೀಮ್, ಪ್ಲಗಿನ್ ಪಟ್ಟಿ ಎಲ್ಲ ಅಲ್ಲಿದೆ. ನಕಲು ಮಾಡುವ ಬಟನ್ನೂ ಇದೆ. ಒಂದು ಕಡತಕ್ಕೆ ಅಂಟಿಸಿಟ್ಟುಕೊಳ್ಳಿ. ಸಹಾಯಕ್ಕೆ ಕೂತವರು ಮೊದಲು ಕೇಳುವ ಹತ್ತು ಪ್ರಶ್ನೆಗೆ ಉತ್ತರ ಅದೊಂದೇ ಕಡತದಲ್ಲಿ ಸಿಗುತ್ತದೆ. ಹೊರಡುವ ಹಿಂದಿನ ದಿನ ತಾಣದ ಪೂರ್ತಿ ಬ್ಯಾಕಪ್ ತೆಗೆಯಿರಿ, ಅದು ಹೋಸ್ಟಿಂಗ್‌ನಲ್ಲಷ್ಟೇ ಅಲ್ಲದೆ ನಿಮ್ಮ ಹಾರ್ಡ್ ಡಿಸ್ಕಿನಲ್ಲೂ ಇರಲಿ.

ಹಂತ 5: ವೇಳಾಪಟ್ಟಿಯನ್ನು ಕತ್ತರಿಸಿ

ಎಲ್ಲಾ ಭಾಷಣ ಕೇಳಬೇಕೆಂಬ ಆಸೆ ಬಿಡಿ. ಸಾಮಾನ್ಯವಾಗಿ ಭಾಷಣಗಳ ವಿಡಿಯೊ ಆಮೇಲೆ ವರ್ಡ್‌ಪ್ರೆಸ್ ಟಿವಿ ತಾಣಕ್ಕೆ ಬರುತ್ತದೆ. ನಿಲ್ಲಿಸಿ, ಹಿಂದೆ ಹೋಗಿ, ನಿಧಾನವಾಗಿ ಕೇಳಬಹುದು. ಇಂಗ್ಲಿಷ್ ವೇಗ ಕಷ್ಟವಾಗುವವರಿಗೆ ಅದೇ ಒಳ್ಳೆಯದು. ಮನುಷ್ಯರು ಮಾತ್ರ ವಿಡಿಯೊದಲ್ಲಿ ಸಿಗುವುದಿಲ್ಲ.

ಆದ್ದರಿಂದ ವಿಡಿಯೊ ಸಾಲದ ಕಾರ್ಯಾಗಾರಗಳನ್ನು, ಆಮೇಲೆ ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಮೂರ್ನಾಲ್ಕು ಭಾಷಣಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಪ್ರತಿಯೊಂದರ ಸಾರಾಂಶ, ಮಾತಾಡುವವರ ಪರಿಚಯ ಮನೆಯಲ್ಲೇ ಓದಿ. ವಿಷಯ ಮೊದಲೇ ಗೊತ್ತಿದ್ದರೆ ಭಾಷೆ ಅರ್ಧ ಸುಲಭ. ಕಾರ್ಯಾಗಾರಕ್ಕೆ ಸೀಟು ಕಡಿಮೆ, ಮುಂಚೆ ಹೆಸರು ಕೊಡಬೇಕೇ ನೋಡಿ.

ಮುಂದೊಂದು ಸಲ ನೀವೂ ಮಾತಾಡುವ ಆಸೆಯಿದ್ದರೆ ಒಂದು ನಿಯಮ ಈಗಲೇ ತಿಳಿದಿರಲಿ. ಭಾಷಣಕಾರರು ಮಾಡಿ ಹಂಚುವ ವರ್ಡ್‌ಪ್ರೆಸ್ ಥೀಮ್, ಪ್ಲಗಿನ್‌ಗಳು ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಲ್ಲೇ ಇರಬೇಕು. ತಾಣದ ಡೊಮೇನ್ ಹೆಸರಿನೊಳಗೆ 'ವರ್ಡ್‌ಪ್ರೆಸ್' ಎಂಬ ಪದ ಇರಬಾರದು, ಅದು ಟ್ರೇಡ್‌ಮಾರ್ಕ್. ಇವೆರಡರಲ್ಲಿ ಸಿಕ್ಕಿಬಿದ್ದರೆ ಭಾಷಣ ಎಷ್ಟೇ ಚೆನ್ನಾಗಿದ್ದರೂ ಒಪ್ಪುವುದಿಲ್ಲ.

ಹಂತ 6: ಭಾನುವಾರದ ಮೆಗಾ ಬ್ಲಾಕ್ ಮರೆಯಬೇಡಿ

ಇಂಥ ಕಾರ್ಯಕ್ರಮ ಬಹಳ ಸಲ ಶನಿವಾರ–ಭಾನುವಾರ ಬರುತ್ತದೆ. ಮಧ್ಯ ಮತ್ತು ಹಾರ್ಬರ್ ಮಾರ್ಗದ ರಿಪೇರಿ ಕೆಲಸ ಬರುವುದೂ ಭಾನುವಾರವೇ. ಹಿಂದಿನ ದಿನವೇ ಯಾವ ನಿಲ್ದಾಣಗಳ ನಡುವೆ ಬ್ಲಾಕ್ ಎಂದು ಪ್ರಕಟಿಸುತ್ತಾರೆ, ರಾತ್ರಿ ಮಲಗುವ ಮುಂಚೆ ನೋಡಿ. ಡೊಂಬಿವಲಿಯಿಂದ ಬರುವವರು ಬೆಳಿಗ್ಗೆ ಬ್ಲಾಕ್ ಶುರುವಾಗುವ ಮುಂಚೆ ದಾಟಿಬಿಡಿ. ಮಧ್ಯಾಹ್ನ ಅರ್ಧಕ್ಕೆ ಎದ್ದು ಹೋಗುವ ಯೋಚನೆಯಿದ್ದರೆ ಆ ಹೊತ್ತಿಗೆ ಫಾಸ್ಟ್ ಲೋಕಲ್‌ಗಳು ಸ್ಲೋ ಹಳಿಯಲ್ಲಿ ಓಡುತ್ತಿರುತ್ತವೆ ಎಂದು ಲೆಕ್ಕ ಹಾಕಿ. ಪಶ್ಚಿಮ ರೈಲ್ವೆಯವರದ್ದು ಜಂಬೊ ಬ್ಲಾಕ್, ಹೆಸರು ಬೇರೆ, ಫಜೀತಿ ಅದೇ.

ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ ಕಾರ್ಯಕ್ರಮ ಇದ್ದರೆ ಮೆಟ್ರೊ 3ರ ನಿಲ್ದಾಣ ಅಲ್ಲೇ ಇದೆ. ಲೋಕಲ್‌ನಲ್ಲಿ ಬಂದವರು ಬಾಂದ್ರಾ ಅಥವಾ ಕುರ್ಲಾದಲ್ಲಿ ಇಳಿದು ಬಸ್ಸೋ ಆಟೊವೋ ಹಿಡಿಯಬೇಕು. ದಕ್ಷಿಣ ಮುಂಬೈಯಲ್ಲಿದ್ದರೆ ಆಟೊ ನೆಚ್ಚಬೇಡಿ, ಬಾಂದ್ರಾ–ಸಾಯನ್ ದಾಟಿ ಆಚೆ ಆಟೊ ಓಡುವುದಿಲ್ಲ. ಊರಿಂದ ಬಂದ ನೆಂಟರಿಗೆ ಇದನ್ನು ಮುಂಚೆ ಹೇಳಿ.

ಊರಿಂದ ಬರುವವರಿಗೆ: ರೈಲು ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ. ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ, ಪುಣೆ ಮೇಲೆ ಬರುತ್ತದೆ, ಪುಣೆಯ ಕ್ಯಾಂಪಿಗೂ ಅದೇ ಸಾಕು. ಕರಾವಳಿಯವರಿಗೆ ಮತ್ಸ್ಯಗಂಧ ಇದೆ, ಅದು ಮಡಗಾಂವ್ ಮೇಲೆ ಹೋಗುವುದರಿಂದ ಗೋವಾದವರಿಗೂ ಆಗುತ್ತದೆ.

ಹಂತ 7: ಆ ದಿನ

ಮಾರ್ಕರ್ ತೆಗೆಯಿರಿ. ಬ್ಯಾಡ್ಜಿನ ಖಾಲಿ ಜಾಗದಲ್ಲಿ ದಪ್ಪಕ್ಷರದಲ್ಲಿ 'ಕನ್ನಡ' ಎಂದು ಬರೆಯಿರಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ಬಂದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡುತ್ತಿರುವಾಗ ಗುರುತು ಹಿಡಿಯುವುದು ಹೇಗೆ? ಆ ಮೂರಕ್ಷರ ಕಂಡೊಡನೆ ಅವರೇ ಬರುತ್ತಾರೆ.

ಕಾರಿಡಾರಿನಲ್ಲಿ ನಿಂತವರ ಹತ್ತಿರ ಹೋಗಲು ಸಂಕೋಚ ಬೇಡ. ಈ ಸಮುದಾಯದಲ್ಲಿ ಒಂದು ಒಳ್ಳೆಯ ರೂಢಿಯಿದೆ: ಗುಂಪಾಗಿ ನಿಂತವರು ಇನ್ನೊಬ್ಬರು ಬಂದು ಸೇರುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಆ ಜಾಗ ನಿಮ್ಮದೇ. ಹಿಂದಿಯಲ್ಲಿ ಕೇಳಿ, ಮರಾಠಿಯಲ್ಲಿ ಕೇಳಿ, ಹರಕು ಮುರುಕು ಇಂಗ್ಲಿಷಿನಲ್ಲಿ ಕೇಳಿ. ಮುಂಬೈಯಲ್ಲಿ ತರಕಾರಿ ಕೊಳ್ಳುವಾಗ ವ್ಯಾಕರಣ ನೋಡಿಕೊಂಡು ಮಾತಾಡುತ್ತೀರಾ?

ಹ್ಯಾಪಿನೆಸ್ ಬಾರ್ ಎಂಬ ಮೇಜು ಇದ್ದರೆ ಬೆಳಿಗ್ಗೆಯೇ ಹೋಗಿ. ಅನುಭವಿಗಳು ನಿಮ್ಮ ತಾಣದ ತೊಂದರೆ ನೋಡಲೆಂದೇ ಅಲ್ಲಿ ಕೂತಿರುತ್ತಾರೆ. ಊಟದ ನಂತರ ಸಾಲು ಉದ್ದವಾಗುತ್ತದೆ. ನಿಮ್ಮ ಒಂದು ಪ್ರಶ್ನೆ, ಸ್ಕ್ರೀನ್‌ಶಾಟ್, ಸೈಟ್ ಹೆಲ್ತ್ ಕಡತ ಮೂರನ್ನೂ ಮುಂದಿಡಿ. ಅವರು ಹೇಳಿದ ಬದಲಾವಣೆಯನ್ನು ಚಾಲ್ತಿಯಲ್ಲಿರುವ ತಾಣದಲ್ಲೇ ಅವಸರದಲ್ಲಿ ಮಾಡಬೇಡಿ. ಬ್ರೌಸರಿನಲ್ಲೇ ನಡೆಯುವ ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಇದೆ, ಏನೂ ಇನ್‌ಸ್ಟಾಲ್ ಮಾಡದೆ ಅಲ್ಲಿ ಪ್ರಯೋಗಿಸಬಹುದು. ಮತ್ತೆ, ಯಾರು ಎಷ್ಟೇ ಸ್ನೇಹದಿಂದ ಕೇಳಿದರೂ ಅಡ್ಮಿನ್ ಪಾಸ್‌ವರ್ಡ್ ಹೇಳಬೇಡಿ, ನೀವೇ ಟೈಪ್ ಮಾಡಿ, ಪಕ್ಕದಲ್ಲೇ ಕೂತಿರಿ.

ಪ್ರಾಯೋಜಕರ ಮಳಿಗೆಗಳ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ಸ್ಟಿಕ್ಕರ್ ಕೊಟ್ಟು ಬ್ಯಾಡ್ಜ್ ಸ್ಕ್ಯಾನ್ ಮಾಡುವವರಿಗೆ ಬೇಕಿರುವುದು ನಿಮ್ಮ ಫೋನ್ ನಂಬರ್. ಅದರಲ್ಲಿ ತಪ್ಪೇನಿಲ್ಲ, ಅವರ ದುಡ್ಡಿನಿಂದಲೇ ನಿಮ್ಮ ಊಟ. ಆದರೆ ಹೋಸ್ಟಿಂಗ್ ಬದಲಿಸುವ ಮಾತು ಬಂದರೆ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಎರಡನೇ ವರ್ಷದ ನವೀಕರಣ ದರ ಎಷ್ಟು, ಬ್ಯಾಕಪ್ ಎಷ್ಟು ದಿನ ಉಳಿಯುತ್ತದೆ, ಸಹಾಯಕ್ಕೆ ಫೋನ್ ಇದೆಯೇ ಚಾಟ್ ಮಾತ್ರವೇ, ಬಿಟ್ಟು ಹೋಗಬೇಕೆಂದರೆ ತಾಣವನ್ನು ಕೊಂಡೊಯ್ಯುವುದು ಹೇಗೆ. ಮೊದಲ ಪ್ರಶ್ನೆಗೇ ಬಾಯಿ ತಡವರಿಸಿದರೆ ಸ್ಟಿಕ್ಕರ್ ತೆಗೆದುಕೊಂಡು ಮುಂದಿನ ಮಳಿಗೆಗೆ ನಡೆಯಿರಿ.

ಇದೇ ನೆಪದಲ್ಲಿ ಸಂಘದವರು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಡೊಮೇನ್ ಯಾರ ಹೆಸರಿನಲ್ಲಿದೆ? ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ದು, ಅವನು ಕೆಲಸಕ್ಕೆ ಪರದೇಶಕ್ಕೆ ಹೋಗಿದ್ದರೆ, ಹೋಸ್ಟಿಂಗ್ ಚರ್ಚೆಗಿಂತ ಮೊದಲು ಅದನ್ನು ಸರಿಮಾಡಿ.

ಫೋಟೊ ತೆಗೆಯುವ ಮುಂಚೆ ಕೇಳಿ. ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ಸುಮ್ಮನೆ ನುಂಗಿಕೊಳ್ಳಬೇಡಿ. ಪ್ರತಿ ಕ್ಯಾಂಪಿಗೂ ನಡವಳಿಕೆ ಸಂಹಿತೆ ಇರುತ್ತದೆ, ದೂರು ಯಾರಿಗೆ ಕೊಡಬೇಕೆಂದು ಅದರ ತಾಣದಲ್ಲೇ ಬರೆದಿರುತ್ತಾರೆ.

ಹಂತ 8: ಕಂಟ್ರಿಬ್ಯೂಟರ್ ಡೇ – ಕೋಡ್ ಬರದವರೂ ಹೋಗಬೇಕಾದ ದಿನ

ಇಲ್ಲಿ ಭಾಷಣವಿಲ್ಲ. ಒಂದೊಂದು ಮೇಜಿನಲ್ಲಿ ಒಂದೊಂದು ತಂಡ ಕೂತು ವರ್ಡ್‌ಪ್ರೆಸ್‌ಗೆ ಕೆಲಸ ಮಾಡುತ್ತದೆ. ಕೋಡ್ ಬರದವರು ಇದನ್ನು ತಪ್ಪಿಸಿಕೊಳ್ಳುತ್ತಾರೆ, ನನ್ನನ್ನು ಕೇಳಿದರೆ ಅವರಿಗೇ ಈ ದಿನದಿಂದ ಲಾಭ ಜಾಸ್ತಿ. ಪಾಲಿಗ್ಲಾಟ್ಸ್ ಎಂದರೆ ಅನುವಾದದ ಮೇಜು, ಕನ್ನಡಿಗರು ನೇರ ಅಲ್ಲಿಗೆ ಹೋಗಿ.

ಕೆಲಸದ ಕ್ರಮ ಹೀಗೆ. ಡಾಟ್ ಆರ್ಗ್‌ನ ಅನುವಾದ ತಾಣಕ್ಕೆ ಲಾಗಿನ್ ಆಗಿ ಕನ್ನಡ ಆರಿಸಿ. ಮೊದಲು ಶೈಲಿಯ ಸೂಚನೆ, ಪದಪಟ್ಟಿ ಇವೆಯೇ ನೋಡಿ ಓದಿ. ಆಮೇಲೆ ನೀವು ದಿನವೂ ಬಳಸುವ ಒಂದು ಚಿಕ್ಕ ಪ್ಲಗಿನ್ ಹುಡುಕಿ, ಅದರ 'ಸ್ಟೇಬಲ್' (ಈಗ ಬಳಕೆಯಲ್ಲಿರುವ ಆವೃತ್ತಿಯ) ಭಾಗ ತೆರೆದು ಅನುವಾದವಾಗದ ಸಾಲುಗಳನ್ನು ಒಂದೊಂದಾಗಿ ತುಂಬಿ. ನೀವು ಬರೆದದ್ದು ಸಲಹೆಯಾಗಿ ಕಾಯುತ್ತದೆ, ಭಾಷೆಯ ಸಂಪಾದಕರು ಒಪ್ಪಿದ ಮೇಲೆ ಬಳಕೆಗೆ ಬರುತ್ತದೆ. ಪ್ಲಗಿನ್ನಿನ ಶೇ 90ರಷ್ಟು ಸಾಲುಗಳು ಹೀಗೆ ಒಪ್ಪಿಗೆಯಾದರೆ ಭಾಷಾ ಪೊಟ್ಟಣ ತಾನಾಗಿ ತಯಾರಾಗುತ್ತದೆ. ದೊಡ್ಡ ಪ್ಲಗಿನ್ ಹಿಡಿದು ನಡುನೀರಿನಲ್ಲಿ ಬಿಡುವುದಕ್ಕಿಂತ ಚಿಕ್ಕದೊಂದನ್ನು ದಡ ಸೇರಿಸುವುದು ಮೇಲು.

ಇಲ್ಲಿ ಆಗುವ ತಪ್ಪುಗಳು:

ಸಾಲಿನೊಳಗೆ ಶೇಕಡಾ ಚಿಹ್ನೆಯ ಪಕ್ಕ ಇಂಗ್ಲಿಷಿನ ಎಸ್ ಅಥವಾ ಡಿ ಇರುತ್ತದೆ. ಅದರ ಜಾಗಕ್ಕೆ ಹೆಸರೋ ಸಂಖ್ಯೆಯೋ ಬಂದು ಕೂರುತ್ತದೆ. ಅದನ್ನು ಅಳಿಸಬೇಡಿ, ನಡುವೆ ಖಾಲಿ ಬಿಡಬೇಡಿ, ಕನ್ನಡ ಅಕ್ಷರ ಮಾಡಬೇಡಿ. ಇಂಗ್ಲಿಷಿನಲ್ಲಿ ಪುಸ್ತಕದ ಹೆಸರು ಮೊದಲು, ಬರೆದವರು ಆಮೇಲೆ. ನಮಗೆ 'ಇಂಥವರು ಬರೆದ ಇಂಥದ್ದು' ಎಂದಾಗಬೇಕು. ಚಿಹ್ನೆಯಲ್ಲಿ 1, 2 ಎಂದು ಅಂಕಿ ಇದ್ದರೆ ಸ್ಥಾನ ಅದಲುಬದಲು ಮಾಡಬಹುದು. ಅಂಕಿ ಇಲ್ಲದಿದ್ದರೆ ಕ್ರಮ ಬದಲಿಸಿದಾಗ ಹೆಸರಿನ ಜಾಗದಲ್ಲಿ ತಾರೀಕು ಬಂದು ಕೂರುತ್ತದೆ. ಆಗ ವಾಕ್ಯವನ್ನೇ ಬೇರೆ ರೀತಿ ಕಟ್ಟಿ, ಇಲ್ಲವೇ ಮೇಜಿನಲ್ಲಿರುವವರನ್ನು ಕೇಳಿ.

ಯಂತ್ರಾನುವಾದ ತಂದು ಸುರಿಯಬೇಡಿ. ಸಂಪಾದಕರಿಗೆ ಮೊದಲ ಹತ್ತು ಸಾಲಿನಲ್ಲೇ ಗೊತ್ತಾಗುತ್ತದೆ. ಉಳಿದ ಒಳ್ಳೆಯ ಸಾಲುಗಳೂ ಅದರ ಜೊತೆ ತಿರಸ್ಕಾರವಾಗುತ್ತವೆ. ಗ್ರಾಂಥಿಕ ಪದ ಹುಡುಕಿ ಹುಡುಕಿ ಹಾಕುವುದೂ ಅಷ್ಟೇ ತೊಂದರೆ. ಬಟನ್ ಮೇಲೆ ಇರುವ ಪದ ನೋಡಿ ನಿಮ್ಮ ತಾಯಿಗೆ ಎಲ್ಲಿ ಒತ್ತಬೇಕೆಂದು ತಿಳಿಯಬೇಕು.

'ವರ್ಡ್‌ಪ್ರೆಸ್' ಎಂದು ಬರೆಯುವಾಗ ಡ ಕೆಳಗೆ ಪ ಒತ್ತಾಗಿ ಕೂರುತ್ತಿದ್ದರೆ ನಡುವೆ ಕಣ್ಣಿಗೆ ಕಾಣದ ಅಗಲ-ಶೂನ್ಯ ಚಿಹ್ನೆ ಬೇಕು. ಅನೇಕ ಫೋನ್ ಕೀಲಿಮಣೆಗಳಲ್ಲಿ ಅದನ್ನು ಹುಡುಕುವುದೇ ಕಷ್ಟ. ಲ್ಯಾಪ್‌ಟಾಪಿನಲ್ಲಿ ಕನ್ನಡ ಇರಲಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಅನುವಾದ ಬೇಡವೆನಿಸಿದರೆ ಫೋಟೊ ಮೇಜು ಇದೆ. ನೀವೇ ತೆಗೆದ ಒಳ್ಳೆಯ ಫೋಟೊಗಳನ್ನು ವರ್ಡ್‌ಪ್ರೆಸ್‌ನ ಫೋಟೊ ಸಂಗ್ರಹಕ್ಕೆ ಕೊಡಬಹುದು. ಗುರುತು ಸಿಗುವ ಮುಖ ಇರಬಾರದು. ಫೋಟೊ ಸಿಸಿ-ಸೊನ್ನೆ ಪರವಾನಗಿಯಲ್ಲಿ ಹೋಗುತ್ತದೆ: ಅಂದರೆ ಯಾರು ಬೇಕಾದರೂ, ವ್ಯಾಪಾರಕ್ಕೂ, ನಿಮ್ಮ ಹೆಸರಿಲ್ಲದೆಯೂ ಬಳಸಬಹುದು. ಮನೆಯ ಪೂಜೆಯ ಫೋಟೊ ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಕೋಡ್ ಬರೆಯುವವರು ವರ್ಡ್‌ಪ್ರೆಸ್‌ನ ಮೂಲ ಕೋಡಿನ ಕೋರ್ ಮೇಜಿಗೆ ಹೋಗುತ್ತೀರಿ. ಗಿಟ್, ನೋಡ್, ಡಾಕರ್ ಎಲ್ಲ ಮನೆಯಲ್ಲೇ ಇಳಿಸಿ, ಒಮ್ಮೆ ಚಲಾಯಿಸಿ ನೋಡಿ ಬನ್ನಿ. ಅಲ್ಲಿ ಬಂದು ಶುರುಮಾಡಿದರೆ ಎಲ್ಲರೂ ಒಟ್ಟಿಗೆ ಇಳಿಸುವ ವೈ-ಫೈನಲ್ಲಿ ಮಧ್ಯಾಹ್ನದ ಊಟ ಬಂದರೂ ಪಟ್ಟಿ ಅರ್ಧಕ್ಕೆ ಬಂದಿರುವುದಿಲ್ಲ.

ಹಂತ 9: ವಾರದೊಳಗೆ ಮುಗಿಸಬೇಕಾದದ್ದು

ಮನೆಗೆ ಬಂದ ರಾತ್ರಿಯೇ ನೋಟ್‌ಬುಕ್ ತೆರೆದು, ಯಾರು ಏನು ಹೇಳಿದರು ಎಂಬುದನ್ನು ಹೆಸರಿನ ಪಕ್ಕ ಬರೆಯಿರಿ. ಎರಡು ದಿನ ಬಿಟ್ಟರೆ ಎಲ್ಲ ಮುಖವೂ ಒಂದೇ ಆಗುತ್ತದೆ. ಸಹಾಯ ಮಾಡಿದವರಿಗೆ ಸ್ಲ್ಯಾಕ್‌ನಲ್ಲಿ ಎರಡು ಸಾಲು ಕಳಿಸಿ: ನೀವು ಹೇಳಿದ್ದನ್ನು ಮಾಡಿದೆ, ಇಷ್ಟು ಸರಿಹೋಯಿತು, ಇಷ್ಟು ಉಳಿಯಿತು. ಬರೀ 'ಥ್ಯಾಂಕ್ಸ್' ಕಳಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ತಾಣದಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕ್ಯಾಂಪಿನಲ್ಲಿ ಕೇಳಿದ ಐದು ಪ್ಲಗಿನ್ ಒಂದೇ ಸಂಜೆ ಹಾಕಿ, ಪರದೆ ಬಿಳಿಯಾದಾಗ ಯಾವುದರಿಂದ ಎಂದು ತಿಳಿಯದೆ ಒದ್ದಾಡುವವರು ಬಹಳ. ಹಾಗಾದರೆ ಮೊದಲು ಇಮೇಲ್ ನೋಡಿ, ದೋಷ ಎಲ್ಲಿದೆ ಎಂಬುದರ ಜೊತೆ ದುರಸ್ತಿ ಸ್ಥಿತಿಗೆ ಹೋಗುವ ಕೊಂಡಿಯನ್ನು ವರ್ಡ್‌ಪ್ರೆಸ್ ಅಡ್ಮಿನ್ ವಿಳಾಸಕ್ಕೆ ಕಳಿಸಿರಬಹುದು. ಆ ಅಡ್ಮಿನ್ ಇಮೇಲ್ ಹಳೆಯ ಕಾರ್ಯದರ್ಶಿಯದ್ದೇ ಆಗಿದ್ದರೆ ಇವತ್ತೇ ಬದಲಿಸಿ.

ಕೊಟ್ಟ ಅನುವಾದ ಇನ್ನೂ ಕಾಯುತ್ತಲೇ ಇದ್ದರೆ ಬೇಸರ ಬೇಡ. ಕೆಲವು ದಿನ ಬಿಟ್ಟು ಪಾಲಿಗ್ಲಾಟ್ಸ್ ತಂಡದಲ್ಲಿ ಪ್ಲಗಿನ್ ಹೆಸರು, ಭಾಷೆಯ ಹೆಸರು, ಕೊಂಡಿ ಮೂರನ್ನೂ ಕೊಟ್ಟು ಪರಿಶೀಲಿಸುವಂತೆ ಕೇಳಿ. ಸಂಪಾದಕರು ತಿದ್ದಿದ ಸಾಲುಗಳನ್ನು ತೆರೆದು ಏನು ಬದಲಿಸಿದ್ದಾರೆ ನೋಡಿಕೊಳ್ಳಿ. ಮುಂದಿನ ಮೀಟಪ್‌ಗೆ ಹೋಗುವಾಗ ಆ ಪಟ್ಟಿಯ ಜೊತೆ ಸಂಘದ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ, ಅವರ ಡಾಟ್ ಆರ್ಗ್ ಖಾತೆಯನ್ನು ಹಿಂದಿನ ದಿನವೇ ಮಾಡಿಸಿ.